ಅಪ್‌ಡೇಟ್: 401 ಎರರ್ ಹೋಯಿತು, ಮಳೆ ಲೆಕ್ಕ ಬಂತು

ಹೋದ ವಾರ ಇಲ್ಲಿ ನಿಮ್ಮನ್ನೆಲ್ಲ ಒಂದು ಪ್ರಶ್ನೆ ಕೇಳಿದ್ದೆ. ಸೋಮವಾರಪೇಟೆ ಹತ್ತಿರದ ನಮ್ಮ ಕಾಫಿ ತೋಟದ ಮಳೆ ಲೆಕ್ಕವನ್ನು ಒಂದು ವೆಬ್ ಸರ್ವೀಸ್‌ನಿಂದ ಪೈಥಾನ್‌ನಲ್ಲಿ ತರಿಸಿಕೊಳ್ಳಬೇಕಿತ್ತು. ಕರ್ಲ್‌ನಲ್ಲಿ (ಟರ್ಮಿನಲ್‌ನಿಂದ ವೆಬ್‌ಗೆ ರಿಕ್ವೆಸ್ಟ್ ಕಳಿಸುವ ಟೂಲ್) ಬರುತ್ತಿತ್ತು, ನನ್ನ ಕೋಡ್‌ನಲ್ಲಿ ಮಾತ್ರ 401, ಅಂದರೆ ಲಾಗಿನ್ ಒಪ್ಪಲಿಲ್ಲ ಅನ್ನುವ ಉತ್ತರ. ಈಗ ಸರಿಹೋಯಿತು.

ಈ ಸರ್ವೀಸ್ ಕೇಳುವ ಬೇಸಿಕ್ ಅಥೆಂಟಿಕೇಶನ್ ಅನ್ನುವ ಲಾಗಿನ್ ವಿಧಾನದಲ್ಲಿ ಯೂಸರ್‌ನೇಮ್, ಕೋಲನ್, ಪಾಸ್‌ವರ್ಡ್ ಮೂರನ್ನೂ ಒಟ್ಟಿಗೆ ಸೇರಿಸಿ ಬೇಸ್64 (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ರೀತಿ) ಮಾಡಿ ಹೆಡರ್‌ನಲ್ಲಿ, ಅಂದರೆ ರಿಕ್ವೆಸ್ಟ್ ಜೊತೆ ಹೋಗುವ ಮಾಹಿತಿಯಲ್ಲಿ, ಕಳಿಸಬೇಕು, ಅಲ್ವಾ? ನಾನು ಅದನ್ನು ಟರ್ಮಿನಲ್‌ನಲ್ಲಿ ಎಕೋ ಕಮಾಂಡ್ ಬಳಸಿ ಮಾಡಿ ಕೋಡ್‌ಗೆ ಅಂಟಿಸಿದ್ದೆ. ಎಕೋ ಸುಮ್ನೆ ಇರುವುದಿಲ್ಲ, ಕೊನೆಗೆ ಒಂದು ನ್ಯೂಲೈನ್ (ಹೊಸ ಸಾಲಿನ ಗುರುತು) ಸೇರಿಸುತ್ತದೆ. ಅದೂ ಪಾಸ್‌ವರ್ಡ್‌ನ ಭಾಗವಾಗಿ ಹೋಗುತ್ತಿತ್ತು. ನೀವು ಹೇಳಿದ ಹಾಗೆ ಡಿಕೋಡ್ ಮಾಡಿ ಒಂದೊಂದೇ ಬೈಟ್ ನೋಡಿದೆ. ಕೊನೆಯಲ್ಲಿ 10, ಅಂದರೆ ನ್ಯೂಲೈನ್‌ನ ಸಂಖ್ಯೆ, ಕೂತಿತ್ತು! ಕರ್ಲ್ ತಾನೇ ಹೆಡರ್ ಕಟ್ಟುವುದರಿಂದ ಅಲ್ಲಿ ಈ ತೊಂದರೆ ಬರಲಿಲ್ಲ.

ಈಗ ಕೈಯಿಂದ ಹೆಡರ್ ಕಟ್ಟುವುದನ್ನೇ ಬಿಟ್ಟೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿ ಕೊಟ್ಟರೆ ಸಾಕು, ಉಳಿದದ್ದನ್ನು ಅದೇ ಮಾಡುತ್ತದೆ. ಮೊದಲ ಸಲಕ್ಕೇ 200, ಅಂದರೆ ಎಲ್ಲ ಸರಿ ಅನ್ನುವ ಉತ್ತರ, ಬಂತು.

ಇನ್ನೊಂದು ವಿಷಯಕ್ಕೆ ನಿಮಗೆ ಜಾಸ್ತಿ ಥ್ಯಾಂಕ್ಸ್. ಬೇಸ್64 ಅಂದರೆ ಗುಟ್ಟಾಗಿಡುವುದು ಅಂತಲೇ ನಾನು ತಿಳಿದಿದ್ದೆ. ಅದನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು ಅಂತ ನೀವು ತಿಳಿಸಿದಿರಿ. ಅದಕ್ಕೇ ವಿಳಾಸವನ್ನು ಎಚ್‌ಟಿಟಿಪಿಎಸ್‌ಗೆ (ದಾರಿಯಲ್ಲಿ ಯಾರೂ ಓದದಂತೆ ಗುಟ್ಟಾಗಿ ಕಳಿಸುವ ವಿಧಾನ) ಬದಲಿಸಿದೆ, ಪಾಸ್‌ವರ್ಡನ್ನು ಕೋಡ್‌ನಿಂದ ತೆಗೆದು ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ (ಕೋಡ್‌ನ ಹೊರಗೆ ಕಂಪ್ಯೂಟರ್‌ನಲ್ಲಿ ಇಡುವ ಸೆಟ್ಟಿಂಗ್) ಹಾಕಿದೆ. ಹಳೆಯ ಪಾಸ್‌ವರ್ಡ್ ಗಿಟ್‌ನಲ್ಲಿ (ಕೋಡ್‌ನ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುವ ಟೂಲ್) ಉಳಿದಿತ್ತು, ಹಾಗಾಗಿ ಪಾಸ್‌ವರ್ಡನ್ನೇ ಬದಲಿಸಿದೆ.

ಲೆಕ್ಕ ಮಿಲಿಮೀಟರ್‌ನಲ್ಲಿ ಬರುತ್ತದೆ. ಅಪ್ಪನಿಗೆ ಇಂಚು, ಸೆಂಟಲ್ಲೇ (ಇಂಚಿನ ನೂರನೇ ಒಂದು ಭಾಗ) ಬೇಕು. 25.4ರಿಂದ ಭಾಗಿಸಿ ತೋರಿಸುತ್ತಿದ್ದೇನೆ. ಹೂಮಳೆಗೆ (ಕಾಫಿ ಹೂ ಬಿಡಲು ಬೇಕಾದ ಮಳೆ) ಮೊದಲೇ ಇದು ಸಿದ್ಧವಾಯಿತು, ತುಂಬಾ ಖುಷಿ.