ಬೇಸಿಗೆಯ ಲಾಗ್ ನೋಡಿ ಬೂಸ್ಟ್ ಹೆಚ್ಚಿಸಬಹುದೇ?

ಪ್ರಶ್ನೆ (ಬಳ್ಳಾರಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪ್, ಅಂದರೆ ಅದರೊಳಗಿನ ಸೆಟ್ಟಿಂಗ್‌ಗಳನ್ನು ಬದಲಿಸಿ, ಬೂಸ್ಟ್ (ಟರ್ಬೊ ಎಂಜಿನ್ನಿಗೆ ಗಾಳಿ ತುಂಬುವ ಹೆಚ್ಚುವರಿ ಒತ್ತಡ) ಸ್ವಲ್ಪ ಹೆಚ್ಚಿಸಿಕೊಳ್ಳುವ ಯೋಚನೆಯಿದೆ. ಅದಕ್ಕೂ ಮೊದಲು, ಮೇ ತಿಂಗಳ ಒಂದು ಮಧ್ಯಾಹ್ನ ಹೊಸಪೇಟೆ ರಸ್ತೆಯಲ್ಲಿ ಫೋನನ್ನು ತಮ್ಮನ ಕೈಗೆ ಕೊಟ್ಟು, ಕಾರಿನ ಸೆನ್ಸರ್ ಅಂಕಿಗಳನ್ನು ಓದುವ ಓಬಿಡಿ ಸಾಧನದಿಂದ ಲಾಗ್ ಮಾಡಿಸಿದೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ 190 ಕಿಲೋಪ್ಯಾಸ್ಕಲ್, ಒಳಹೋಗುವ ಗಾಳಿಯ ಉಷ್ಣತೆ 68 ಡಿಗ್ರಿ ಇತ್ತು. ಮೊದಲ ಸಲ 14 ಡಿಗ್ರಿ ಇದ್ದ ಇಗ್ನಿಷನ್ ಟೈಮಿಂಗ್ (ಪಿಸ್ಟನ್ ತುದಿ ಮುಟ್ಟುವುದಕ್ಕೆ ಎಷ್ಟು ಮುಂಚೆ ಕಿಡಿ ಹಾರುತ್ತದೆ ಎಂಬುದು), ಮೂರನೇ ಸಲ ಅದೇ 4000 ಆರ್‌ಪಿಎಂನಲ್ಲಿ 7ಕ್ಕೆ ಇಳಿದಿತ್ತು. ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಇಸಿಯು ಇಂಧನದ ಪ್ರಮಾಣಕ್ಕೆ ಮಾಡಿಕೊಳ್ಳುವ ದೀರ್ಘಕಾಲದ ತಿದ್ದುಪಡಿ) +8. ಎಂಜಿನ್ ಲೈಟ್ ಹೊತ್ತಿಲ್ಲ. 190 ಎಂದರೆ ಹೆಚ್ಚುಕಡಿಮೆ 2 ಬಾರ್ ಬೂಸ್ಟ್ ಎಂದು ಗೆಳೆಯರೊಬ್ಬರು ಹೆದರಿಸುತ್ತಿದ್ದಾರೆ. ಮುಂದುವರಿಯಬಹುದೇ?

ಉತ್ತರ 1 (ಕೊಪ್ಪಳದಿಂದ)

ಗೆಳೆಯರ ಲೆಕ್ಕ ತಪ್ಪು. ಆ ಸೆನ್ಸರ್ ತೋರಿಸುವುದು ನಿರಪೇಕ್ಷ ಒತ್ತಡ. ಅದರಲ್ಲಿ ಹೊರಗಿನ ಗಾಳಿಯ ಒತ್ತಡವೂ ಸೇರಿರುತ್ತದೆ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ ನೋಡಿ, ಬಳ್ಳಾರಿಯ ಎತ್ತರದಲ್ಲಿ ಅದು 95-96ರ ಆಸುಪಾಸು ತೋರಿಸಬೇಕು. ಅದನ್ನು ಕಳೆದರೆ ನಿಮ್ಮ ಬೂಸ್ಟ್ ಸುಮಾರು 14 ಪಿಎಸ್‌ಐ, ಅಂದರೆ ಒಂದು ಬಾರ್‌ಗೂ ತುಸು ಕಡಿಮೆ ಮಾತ್ರ.

ನನಗೆ ಕಳವಳವಾಗಿರುವುದು ಟೈಮಿಂಗ್ ವಿಷಯದಲ್ಲಿ. ಗಾಳಿ ಬಿಸಿಯಾದಷ್ಟೂ ಮಿಶ್ರಣ ತಾನಾಗಿ ಸಿಡಿಯುವ ಸಂಭವ, ಅಂದರೆ ನಾಕಿಂಗ್, ಹೆಚ್ಚುತ್ತದೆ. ಅದನ್ನು ತಡೆಯಲು ಇಸಿಯು ಕಿಡಿಯನ್ನು ತಡಮಾಡುತ್ತದೆ. ಈ 7 ಡಿಗ್ರಿಯಲ್ಲಿ ಇಸಿಯುವಿನ ಒಳಗಿರುವ ಉಷ್ಣತೆಯ ಕೋಷ್ಟಕದಿಂದ ಆದ ಇಳಿಕೆ ಎಷ್ಟು, ನಾಕ್ ಸೆನ್ಸರ್ ಕೇಳಿದ ಶಬ್ದದಿಂದ ಆದದ್ದು ಎಷ್ಟು ಎಂಬುದನ್ನು ನಾಕ್ ರಿಟಾರ್ಡ್ ಎಂಬ ಅಂಕಿಯನ್ನು ಸಿಲಿಂಡರ್‌ವಾರು ಲಾಗ್ ಮಾಡದೆ ಹೇಳಲಾಗದು. ಎರಡರಲ್ಲಿ ಯಾವುದೇ ಆದರೂ, ಕಂಪನಿಯ ಮ್ಯಾಪ್‌ನಲ್ಲೇ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಹಿಂದೆ ಸರಿಯುತ್ತಿರುವಾಗ ಅದರ ಮೇಲೆ ಇನ್ನಷ್ಟು ಒತ್ತಡ ಹೇರುವುದು ಪಿಸ್ಟನ್ನಿಗೆ ಒಳ್ಳೆಯದಲ್ಲ. ಮೊದಲು ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ), ಅದರ ಪೈಪುಗಳು, ಏರ್ ಫಿಲ್ಟರ್ ನೋಡಿಸಿ. ಅದಿರಿನ ಲಾರಿಗಳ ಹಿಂದೆ ಓಡಾಡುವ ನಮ್ಮ ಕಡೆಯ ಗಾಡಿಗಳಲ್ಲಿ ಇಂಟರ್‌ಕೂಲರ್ ರೆಕ್ಕೆಗಳ ನಡುವೆ ಕೆಂಪು ಧೂಳು ಗಾರೆಯಂತೆ ಮೆತ್ತಿಕೊಂಡಿರುತ್ತದೆ.

ಉತ್ತರ 2 (ರಾಯಚೂರಿನಿಂದ)

ಟ್ರಿಮ್ ಬಗ್ಗೆ ಒಂದು ಮಾತು. +8 ಎಂದರೆ ಇಸಿಯು ತನ್ನ ಲೆಕ್ಕಕ್ಕಿಂತ ಶೇ 8ರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತಿದೆ. ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನ ಅನುಪಾತ 14.7 ಆದರೆ ಇ20ಗೆ (ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ) ಅದು ಸುಮಾರು 13.5. ಹಳೆಯ ಮ್ಯಾಪ್ ಇರುವ ಗಾಡಿಯಲ್ಲಿ ಈ ಹೆಚ್ಚಳದ ಒಂದು ಪಾಲು ಅದರಿಂದಲೇ ಬಂದಿರಬಹುದು, ಪೂರ್ತಿ ಅಲ್ಲದಿರಲೂಬಹುದು. ಆದ್ದರಿಂದ ಅನುಪಾತದ ಬದಲು ಲ್ಯಾಮ್ಡಾದಲ್ಲಿ ಯೋಚಿಸಿ. ಇಂಧನ ಯಾವುದೇ ಇರಲಿ, ಲ್ಯಾಮ್ಡಾ 1 ಎಂದರೆ ಗಾಳಿ-ಇಂಧನ ಸಮ, ಅದಕ್ಕಿಂತ ಕಡಿಮೆ ಎಂದರೆ ರಿಚ್, ಅಂದರೆ ಇಂಧನ ಹೆಚ್ಚು. ಪೂರ್ಣ ಬೂಸ್ಟ್‌ನಲ್ಲಿ ಟ್ಯೂನರ್‌ಗಳು ಸಾಮಾನ್ಯವಾಗಿ 0.80ರಿಂದ 0.85ರ ನಡುವೆ ಇಟ್ಟುಕೊಳ್ಳುತ್ತಾರೆ. ಇದನ್ನು ಅಳೆಯಲು ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ನ್ಯಾರೋಬ್ಯಾಂಡ್ ಸೆನ್ಸರ್ ಮಿಶ್ರಣ ರಿಚ್ ಎಂದಷ್ಟೇ ಹೇಳುತ್ತದೆ, ಎಷ್ಟು ರಿಚ್ ಎಂದು ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕೀ ತಿರುಗಿಸಿದಾಗ 96 ಬಂತು. ಇಂಟರ್‌ಕೂಲರಿನಿಂದ ಥ್ರಾಟಲ್‌ಗೆ ಹೋಗುವ ಪೈಪಿನ ಕ್ಲಾಂಪ್ ಸಡಿಲವಾಗಿತ್ತು. ಅದರ ಸುತ್ತ ಎಣ್ಣೆ ಜಿನುಗಿ, ಧೂಳು ಅಂಟಿ ಕಪ್ಪು ಬಳೆಯಾಗಿತ್ತು. ಹಿಂದೆ ಸರ್ವಿಸ್ ಮಾಡಿದವರು ಸರಿಯಾಗಿ ಬಿಗಿದಿರಲಿಲ್ಲ. ಬಿಗಿಸಿ, ಫಿಲ್ಟರ್ ಬದಲಿಸಿ, ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಓಡಿಸಿದಾಗ ಉಷ್ಣತೆ 57 ಇತ್ತು, ಮೂರನೇ ಸಲವೂ ಟೈಮಿಂಗ್ 12ರಲ್ಲಿ ನಿಂತಿತು. ಟ್ರಿಮ್ ಮಾತ್ರ +7.

ಉತ್ತರ 1

ಸೋರಿಹೋದ ಗಾಳಿಯನ್ನು ತುಂಬಿಕೊಡಲು ಟರ್ಬೊ ಹೆಚ್ಚು ತಿರುಗುತ್ತಿತ್ತು, ಅದಕ್ಕೇ ಅಷ್ಟು ಬಿಸಿ. ಟ್ರಿಮ್ ಐಡಲ್‌ನಲ್ಲಿ ಎಷ್ಟು, 3000 ಆರ್‌ಪಿಎಂನಲ್ಲಿ ಎಷ್ಟು ಎಂದು ಬೇರೆ ಬೇರೆ ಬರೆದು ಇಲ್ಲಿ ಹಾಕಿ. ಹೊಸ ಮ್ಯಾಪ್‌ಗೆ ಮುಂಗಡ ಹಣ ಕೊಡುವುದನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.