ಚನ್ನಪಟ್ಟಣದ ಗೊಂಬೆಗೆ ಅಮೆರಿಕದಲ್ಲಿ ಶೇ 50 ಸುಂಕ: ಬೆಲೆ ಏರಿಸಲಾ, ನಾನೇ ನುಂಗಲಾ? (2025ರ ಕೊನೆಯ ಚರ್ಚೆ, ಸುಂಕದ ದರಗಳು ಆಗಿನವು)

ಬುಗುರಿಮನೆ:
ಎಲ್ಲರಿಗೂ ನಮಸ್ಕಾರ. ಚನ್ನಪಟ್ಟಣದಲ್ಲಿ ಮನೆಯಿಂದಲೇ ಮರದ ಗೊಂಬೆ ಮಾರುತ್ತೇನೆ, ಆನ್‌ಲೈನಿನಲ್ಲಿ. ಆರು ವರ್ಷವಾಯಿತು. ನಮ್ಮ ಬೀದಿಯ ಇಬ್ಬರು ಲೇತಿನ ಮೇಲೆ ಮಾಡಿಕೊಡುತ್ತಾರೆ. ಫೋಟೊ, ಪ್ಯಾಕಿಂಗ್, ಅಂಚೆ ಕಚೇರಿಯ ಓಡಾಟ ನನ್ನದು. ತಿಂಗಳಿಗೆ ಮೂವತ್ತು ನಲವತ್ತು ಪಾರ್ಸೆಲ್, ಅಷ್ಟೇ. ಹತ್ತರಲ್ಲಿ ಏಳು ಅಮೆರಿಕಕ್ಕೆ ಹೋಗುತ್ತಿದ್ದವು.

ಸುಂಕದ ಯೋಚನೆಯೇ ಇರಲಿಲ್ಲ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಅಲ್ಲಿ ವಿನಾಯ್ತಿ ಇತ್ತು. ನನ್ನ ಅಡುಗೆ ಸೆಟ್ಟಿನ ಬೆಲೆ 24 ಡಾಲರ್! 2025ರ ಆಗಸ್ಟ್ 29ಕ್ಕೆ ಆ ವಿನಾಯ್ತಿ ಹೋಯಿತು. ಅದಕ್ಕೆ ಎರಡು ದಿನ ಮೊದಲು ನಮ್ಮ ದೇಶದ ಮಾಲಿನ ಮೇಲಿನ ಹೆಚ್ಚುವರಿ ಸುಂಕ 25ರಿಂದ ಶೇ 50ಕ್ಕೆ ಏರಿತ್ತು. ಅಂಚೆಯಲ್ಲಂತೂ 25ನೇ ತಾರೀಖಿನಿಂದಲೇ ಅಮೆರಿಕದ ಪಾರ್ಸೆಲ್ ಬಂದ್. ಗೌರಿ ಹಬ್ಬದ ಹಿಂದಿನ ದಿನ. ಕೌಂಟರಿನ ಮೇಲಿಟ್ಟ ಹನ್ನೊಂದು ಪೊಟ್ಟಣ ವಾಪಸ್ ಚೀಲಕ್ಕೆ ತುಂಬಿಕೊಂಡು, ದಾರಿಯಲ್ಲಿ ಬಾಳೆಕಂದು ಕೊಂಡು ಮನೆಗೆ ಬಂದೆ.

ಅಕ್ಟೋಬರ್ 15ರಿಂದ ಅಂಚೆ ಮತ್ತೆ ಶುರುವಾಗಿದೆ. ಆದರೆ ಸುಂಕವನ್ನು ಇಲ್ಲೇ ಮೊದಲೇ ಕಟ್ಟಬೇಕು. 24 ಡಾಲರಿನ ಸೆಟ್ಟಿಗೆ 12. ಅದರಲ್ಲಿ ನನಗೆ ಉಳಿಯುತ್ತಿದ್ದುದೇ ಐದು ಡಾಲರ್. 36 ಅಂತ ಹಾಕಿದರೆ ಯಾರು ಕೊಳ್ಳುತ್ತಾರೆ? 100 ಡಾಲರ್ ಒಳಗಿನ ಉಡುಗೊರೆಗೆ ಸುಂಕ ಇಲ್ಲ, ‘ಗಿಫ್ಟ್’ ಅಂತ ಬರೆದುಬಿಡಿ ಅಂತ ಪರಿಚಯದವರೊಬ್ಬರು ಹೇಳಿದರು. ಕ್ರಿಸ್‌ಮಸ್ ಆರ್ಡರ್ ಬರೋ ಹೊತ್ತು. ಏನು ಮಾಡಲಿ?

ಸೀಲುಮುದ್ರೆ:
ಮೇಡಂ, ಬೆಂಗಳೂರಿನಲ್ಲಿ ಕಸ್ಟಮ್ಸ್ ಏಜೆಂಟರ ಬಳಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗಿಫ್ಟ್ ಅಂತ ಬರೆಯಲೇಬೇಡಿ. ಆ ವಿನಾಯ್ತಿ ಅಣ್ಣ ತಂಗಿಗೆ ಕಳಿಸುವುದಕ್ಕೆ. ನೀವು ದುಡ್ಡು ತಗೊಂಡು ಮಾರುತ್ತಿದ್ದೀರಿ, ಆ ದುಡ್ಡು ನಿಮ್ಮ ಬ್ಯಾಂಕಿಗೆ ಬರುತ್ತದೆ. ಗಿರಾಕಿ ಕೊಟ್ಟಿದ್ದು 24, ಕಾಗದದಲ್ಲಿ ಉಡುಗೊರೆ ಅಂದರೆ ಎರಡೂ ಕಡೆ ಸಿಕ್ಕಿಬೀಳುತ್ತೀರಿ. ಬೆಲೆ ಕಮ್ಮಿ ತೋರಿಸುವುದೂ ಅಷ್ಟೇ.

ಒಂದು ಸಮಾಧಾನ ಇದೆ. ಅಂಚೆಯಲ್ಲಿ ಸುಂಕ ಬೀಳುವುದು ಮಾಲಿನ ಬೆಲೆಯ ಮೇಲೆ ಮಾತ್ರ, ಸಾಗಣೆ ಖರ್ಚಿನ ಮೇಲಲ್ಲ. ನಿಮ್ಮ 24ರಲ್ಲಿ ಅಂಚೆ ಖರ್ಚೂ ಸೇರಿದೆಯಾ? ಸೇರಿದ್ದರೆ ಅದನ್ನು ಬಿಲ್ಲಿನಲ್ಲಿ ಬೇರೆಯಾಗಿ, ಇದ್ದದ್ದು ಇದ್ದ ಹಾಗೆ ತೋರಿಸಿ. ‘ಫ್ರೀ ಶಿಪ್ಪಿಂಗ್’ ಅಂತ ಹಾಕಿಕೊಂಡವರು ಅಂಚೆಯ ಖರ್ಚಿಗೂ ಸುಂಕ ಕಟ್ಟುತ್ತಿದ್ದಾರೆ, ಪಾಪ.

ಎಡಿಸನ್_ರಾಯ:
ಅಕ್ಕ, ನಾನು ಗಿರಾಕಿ ಕಡೆಯವನು. ನ್ಯೂಜೆರ್ಸಿಯಲ್ಲಿದ್ದೇನೆ. ಸೆಪ್ಟೆಂಬರಿನಲ್ಲಿ ಮಗಳಿಗೆ ಅಂತ ಇನ್ನೊಂದು ಸಣ್ಣ ಅಂಗಡಿಯಿಂದ ಮರದ ಬಂಡಿ ತರಿಸಿದೆ, 28 ಡಾಲರ್. ಕೊರಿಯರಿನಲ್ಲಿ ಬಂತು. ಬಾಗಿಲಿಗೆ ಬರುವ ಮುಂಚೆ ಮೆಸೇಜ್: 31 ಡಾಲರ್ ಕಟ್ಟಿ. 14 ಸುಂಕ. ಉಳಿದ 17 ಅವರ ಕಾಗದಪತ್ರದ ಶುಲ್ಕವಂತೆ. ಬಂಡಿಗಿಂತ ಬಿಲ್ಲೇ ದೊಡ್ಡದು! ಬೇಡ ಅಂದುಬಿಟ್ಟೆ. ಸಿಟ್ಟಿನಲ್ಲಿ ಆ ಅಂಗಡಿಗೆ ಒಂದು ಸ್ಟಾರ್ ಕೊಟ್ಟೆ. ಆಕೆ ನನ್ನ ದುಡ್ಡು ಹಿಂತಿರುಗಿಸಿದಳು. ಬಂಡಿ ಮಾತ್ರ ಆಕೆಗೆ ವಾಪಸ್ ಹೋಗಲಿಲ್ಲ, ಕಳಿಸುವ ಖರ್ಚು ಬಂಡಿಯ ಬೆಲೆಗಿಂತ ಜಾಸ್ತಿ. ಆ ಸ್ಟಾರ್ ಆಮೇಲೆ ತೆಗೆದೆ ಬಿಡಿ.

ನಿಮ್ಮ ಸೆಟ್ಟಿಗೆ 36 ಅಂತ ಮೊದಲೇ ಹಾಕಿದ್ದರೆ ಕೊಳ್ಳುತ್ತಿದ್ದೆನಾ? ಒಂದು ಸಲ ಯೋಚಿಸಿ ಕೊಳ್ಳುತ್ತಿದ್ದೆ. 24 ಅಂತ ತೋರಿಸಿ ಆಮೇಲೆ ಬಾಗಿಲಲ್ಲಿ ಕೈಚಾಚಿದರೆ ಯಾರಿಗೂ ಮನಸ್ಸಾಗಲ್ಲ.

ದೊಡ್ಡಪೇಟೆ:
ನನ್ನ ಮಾತು ಸ್ವಲ್ಪ ಕಹಿ ಅನ್ನಿಸಬಹುದು. ನಾನು ಮೈಸೂರಿನಲ್ಲಿ ಹೊರಗಿನ ಪಜಲ್, ಮಕ್ಕಳ ಬಿಲ್ಡಿಂಗ್ ಬ್ಲಾಕ್ ತರಿಸಿ ಆನ್‌ಲೈನಿನಲ್ಲಿ ಮಾರುತ್ತಿದ್ದೆ. 2020ರ ಫೆಬ್ರುವರಿಯಲ್ಲಿ ನಮ್ಮದೇ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 20ರಿಂದ ಶೇ 60ಕ್ಕೆ ಏರಿಸಿತು. 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. 2023ರಲ್ಲಿ ಸುಂಕ ಶೇ 70. ಆಗ ನಿಮ್ಮೂರಿನವರು ಚಪ್ಪಾಳೆ ತಟ್ಟಿದರು. ತಪ್ಪು ಅನ್ನಲ್ಲ, ನಾನು ಅಲ್ಲಿದ್ದರೆ ನಾನೂ ತಟ್ಟುತ್ತಿದ್ದೆ. ಆದರೆ ನನ್ನ ಅಂಗಡಿ ಹೋಯಿತು. ಈಗ ನಿಮ್ಮ ಕಷ್ಟ ನೋಡಿ ಖುಷಿಯಂತೂ ಇಲ್ಲ. ಗೋಡೆಯ ಆ ಕಡೆ ನಿಂತರೆ ಹೇಗಿರುತ್ತೆ ಅಂತ ಗೊತ್ತಿದೆ, ಅದಕ್ಕೇ ಹೇಳಿದೆ.

ನಾನು ಮಾಡಿದ ತಪ್ಪು: ಬೆಲೆ ಏರಿಸದೆ ಎಂಟು ತಿಂಗಳು ಸುಂಕವನ್ನು ಕೈಯಿಂದ ಹಾಕಿದೆ, ಇವತ್ತಲ್ಲ ನಾಳೆ ಇಳಿಯುತ್ತೆ ಅಂತ. ನೀವು ಹಾಗೆ ಮಾಡಬೇಡಿ. ಅಗ್ಗದ ಸಾಮಾನನ್ನು ಅಮೆರಿಕದ ಪಟ್ಟಿಯಿಂದ ತೆಗೆಯಿರಿ. ಹತ್ತು ಡಾಲರಿನದಕ್ಕೂ ಅಷ್ಟೇ ಪ್ಯಾಕಿಂಗ್, ಅಷ್ಟೇ ಬರವಣಿಗೆ. ನಮ್ಮ ದಸರೆಯ ಗೊಂಬೆ ಕೂರಿಸುವವರನ್ನು ಯಾಕೆ ಮರೆತಿರಿ?

ಬುಗುರಿಮನೆ:
ಸಾರ್, ನೀವು ಹೇಳಿದ್ದು ಸರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ದಸರೆಗೆ ಮಾರುತ್ತೇನೆ, ಆದರೆ ಅದು ವರ್ಷಕ್ಕೊಂದು ತಿಂಗಳ ವ್ಯಾಪಾರ. ಲೇತಿನವರಿಗೆ ವಾರ ವಾರ ಕೂಲಿ ಕೊಡಬೇಕಲ್ವಾ.

ಎಡಿಸನ್_ರಾಯ:
ಅಕ್ಕ, ಭಾನುವಾರದ ಕನ್ನಡ ತರಗತಿಯ ಅಪ್ಪ ಅಮ್ಮಂದಿರ ಗುಂಪಿನಲ್ಲಿ ಕೇಳಿದೆ. ನಾವೇ ಸಗಟಿನಲ್ಲಿ ಐವತ್ತು ಸೆಟ್ ಕೊಂಡರೆ?

ಸೀಲುಮುದ್ರೆ:
ಒಳ್ಳೇ ದಾರಿ. ನಿಜವಾದ ಸಗಟು ಬೆಲೆಗೆ ಅವರಿಗೆ ಮಾರಿದರೆ ಸುಂಕ ಆ ಬೆಲೆಯ ಮೇಲೇ. ಸೆಟ್ಟಿಗೆ 13 ಡಾಲರ್ ಅಂದುಕೊಳ್ಳಿ. ಐವತ್ತಕ್ಕೆ 650, ಸುಂಕ 325. ತಲಾ ಆರೂವರೆ, ಹನ್ನೆರಡಲ್ಲ. ಕೊರಿಯರ್ ಶುಲ್ಕವೂ ಒಂದೇ ಸಲ. 2,500 ಡಾಲರ್ ಒಳಗಿದ್ದರೆ ಅಲ್ಲಿನ ಕಾಗದಪತ್ರವೂ ಹಗುರ.

ಆದರೆ ಒಂದು ತೊಡಕು. 12 ವರ್ಷದವರೆಗಿನ ಮಕ್ಕಳ ಸಾಮಾನಿಗೆ ಅಮೆರಿಕದಲ್ಲಿ ಪ್ರಯೋಗಾಲಯದ ಪರೀಕ್ಷೆ, ಸರ್ಟಿಫಿಕೇಟ್ ಬೇಕು. ಒಂದೊಂದೇ ಪೊಟ್ಟಣಕ್ಕೂ ಅದೇ ನಿಯಮ, ಯಾರೂ ಕೇಳುತ್ತಿರಲಿಲ್ಲ ಅಷ್ಟೇ. ಐವತ್ತರ ಪೆಟ್ಟಿಗೆ ಹೋದರೆ ಕೇಳುತ್ತಾರೆ. ಪರೀಕ್ಷೆ ಮಾಡಿಸಿದ್ದೀರಾ?

ಬುಗುರಿಮನೆ:
ಇಲ್ಲ ಸಾರ್. ಅರಗಿನ ಬಣ್ಣ, ಏನೂ ಆಗಲ್ಲ ಅಂತ ನಾವೇ ಹೇಳಿಕೊಂಡು ಬಂದಿದ್ದೇವೆ. ಮಾಡಿಸುವವರೆಗೆ ಅಮೆರಿಕಕ್ಕೆ ಆಟಿಕೆ ಕಳಿಸಲ್ಲ, ಪುಟದಿಂದ ಇವತ್ತೇ ತೆಗೆಯುತ್ತೇನೆ.

ರಾತ್ರಿ ಕಪಾಟು ತೆಗೆದು ನೋಡಿದೆ. ಕುಂಕುಮದ ಭರಣಿ, ಬಳೆ ಸ್ಟ್ಯಾಂಡ್, ಮುಚ್ಚಳದ ಪುಟ್ಟ ಡಬ್ಬಿ. ಇವು ದೊಡ್ಡವರ ಸಾಮಾನು. ಎಡಿಸನ್ ಅಣ್ಣ, ಸಂಕ್ರಾಂತಿಗೆ ಎಳ್ಳು ಬೀರಲು ಅರವತ್ತು ಡಬ್ಬಿ ಕೊಂಡರೆ ಹೇಗೆ? ಮರ ಒಣಗಿದ್ದು ಮನೆಯಲ್ಲೇ ಇದೆ. ಡಿಸೆಂಬರ್ ಎರಡನೇ ವಾರ ಇಲ್ಲಿಂದ ಹೊರಟರೆ ಸಾಕು. ಸುಂಕ, ಕೊರಿಯರ್ ಎಲ್ಲ ಸೇರಿದ ಒಂದೇ ಬೆಲೆ ನಾಳೆ ಸಂಜೆ ಹಾಕುತ್ತೇನೆ. ಬಣ್ಣ ಮಾತ್ರ ಬೇಗ ಹೇಳಿ, ಅರಗು ಕಲಸಿದ ಮೇಲೆ ಬದಲಾಯಿಸೋಕೆ ಆಗಲ್ಲ.