ಟೆಕಿಲಾಕ್ಕೆ ಉಪ್ಪು, ನಿಂಬೆ ನಿಜವಾಗಿಯೂ ಬೇಕೆ? ಮೆಕ್ಸಿಕೊದವರ ಮನೆಗಳಲ್ಲಿ ಅದರ ಜಾಗ ಯಾವುದು?

ಪ್ರಶ್ನೆ: ಕಕ್ಕಬ್ಬೆಯ ಮನೆಯೊಡತಿ

ಕೊಡಗಿನ ಕಕ್ಕಬ್ಬೆಯ ಬಳಿ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ ಇದೆ. ಬೆಂಗಳೂರಿನಿಂದ ಬರುವ ಹುಡುಗರು ಈಚೆಗೆ ಟೆಕಿಲಾ ಬಾಟಲಿ ಹಿಡಿದುಕೊಂಡೇ ಬರುತ್ತಾರೆ. ಬಂದವರು ಮೊದಲು ಕೇಳುವುದು ಉಪ್ಪು ಮತ್ತು ಹೆಚ್ಚಿದ ನಿಂಬೆಹಣ್ಣು. ಕೈಯ ಹಿಂಬದಿಗೆ ಉಪ್ಪು ಹಚ್ಚಿ ನೆಕ್ಕಿ, ಒಂದೇ ಗುಟುಕಿಗೆ ಲೋಟ ಬರಿದು ಮಾಡಿ, ಮುಖ ಹಿಂಡಿಕೊಂಡು ನಿಂಬೆ ಕಚ್ಚುತ್ತಾರೆ. ಮೆಕ್ಸಿಕೊದಲ್ಲಿ ಹೀಗೆಯೇ ಕುಡಿಯುವುದೆಂದು ಅವರು ದೃಢವಾಗಿ ನಂಬಿದ್ದಾರೆ.

ಕಳೆದ ತಿಂಗಳು ಟೆಕ್ಸಸ್‌ನಿಂದ ರಜೆಗೆ ಬಂದ ನನ್ನ ಮಗಳು ಬೇರೆಯೇ ಕತೆ ಹೇಳಿದಳು. ಅವಳ ಜೊತೆ ಕೆಲಸ ಮಾಡುವ ಮೆಕ್ಸಿಕನ್ ಮೂಲದ ಗೆಳತಿಯ ಮನೆಗೆ ಊಟಕ್ಕೆ ಹೋದಾಗ, ಅಲ್ಲಿನ ಅಜ್ಜ ಒಂದು ಚಿಕ್ಕ ಲೋಟದಷ್ಟು ಟೆಕಿಲಾವನ್ನು ಇಡೀ ಸಂಜೆ ಇಟ್ಟುಕೊಂಡು ಕುಳಿತಿದ್ದರಂತೆ. ಇವಳು ಉಪ್ಪು ಕೇಳಿದಾಗ ಮನೆಯವರೆಲ್ಲ ನಕ್ಕರಂತೆ. ಆದರೆ ಅದೇ ಗೆಳತಿ, ಕಚೇರಿಯಲ್ಲಿ ಯಾರೋ ದೊಡ್ಡ ಅಂಚಿನ ಹುಲ್ಲಿನ ಟೋಪಿ ಹಾಕಿಕೊಂಡು 'ಟೆಕಿಲಾ' ಎಂದು ಕೂಗಿದಾಗ ನಗಲಿಲ್ಲವಂತೆ.

ನಮ್ಮಲ್ಲಿಯೂ ಮದ್ಯವೆಂದರೆ ಬರೀ ಕುಡಿಯುವ ವಸ್ತುವಲ್ಲ, ಕೊಡವರು ಗತಿಸಿದ ಹಿರಿಯರನ್ನು ನೆನೆಯುವ ಕಾರಣಂಗ್ ಕೊಡ್ಪದಲ್ಲಿ ಅವರಿಗೆ ಮೀದಿ, ಅಂದರೆ ಎಡೆ, ಇಡುವಾಗ ಅದೂ ಇರಲೇಬೇಕು. ಆದ್ದರಿಂದ ಈ ವಿಷಯ ನನ್ನನ್ನು ಕಾಡುತ್ತಿದೆ. ಒಂದು ಊರಿನ ಹೆಸರಿನ ಪಾನೀಯ ಒಂದು ದೇಶದ ಗುರುತಾದದ್ದು ಹೇಗೆ, ಮತ್ತು ಅದೇ ಗುರುತು ಗಡಿ ದಾಟಿ ಹೋದವರಿಗೆ ಒಮ್ಮೆ ಹೆಮ್ಮೆಯೂ ಒಮ್ಮೆ ಮುಜುಗರವೂ ಆಗುವುದೇಕೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ವಿರಾಜಪೇಟೆ ಮೇಷ್ಟ್ರು

ಮೊದಲು ಊರಿನಿಂದಲೇ ಆರಂಭಿಸುತ್ತೇನೆ. ಟೆಕಿಲಾ ಎಂಬುದು ಮೆಕ್ಸಿಕೊದ ಹಲಿಸ್ಕೊ ರಾಜ್ಯದಲ್ಲಿ, ಅದೇ ಹೆಸರಿನ ಜ್ವಾಲಾಮುಖಿ ಬೆಟ್ಟದ ಬುಡದಲ್ಲಿರುವ ಪಟ್ಟಣ. ಅಲ್ಲಿ ಬೆಳೆಯುವ ನೀಲಿ ಅಗಾವೆ ಕಳ್ಳಿಯ ಜಾತಿಯದೆಂದು ಹಲವರು ಭಾವಿಸುತ್ತಾರಾದರೂ ಅದು ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಕತ್ತಾಳೆಯ ಬಂಧು. ನೆಟ್ಟ ಗಿಡ ಕೊಯ್ಲಿಗೆ ಬರಲು ಸಾಮಾನ್ಯವಾಗಿ 6ರಿಂದ 8 ವರ್ಷ ಬೇಕು. ಹಿಮದೋರ್ ಎಂದು ಕರೆಯಲಾಗುವ ಕೊಯ್ಲುಗಾರ ಉದ್ದನೆಯ ಹಿಡಿಯ ತುದಿಗೆ ದುಂಡು ಅಲಗಿರುವ 'ಕೋವಾ' ಎಂಬ ಹತ್ಯಾರಿನಿಂದ ಎಲೆಗಳನ್ನೆಲ್ಲ ಸವರಿ, ಅನಾನಸಿನಂತೆ ಕಾಣುವ ಗಡ್ಡೆಯನ್ನು ಹೊರತೆಗೆಯುತ್ತಾನೆ. ಆ ಗಡ್ಡೆಯನ್ನು ಬೇಯಿಸಿ, ಜಜ್ಜಿ, ರಸ ಹುಳಿಯಿಸಿ, ಬಟ್ಟಿ ಇಳಿಸಿದರೆ ಟೆಕಿಲಾ.

ಭಟ್ಟಿಯ ವಿದ್ಯೆ ಆ ನಾಡಿಗೆ ಹೇಗೆ ಬಂತೆಂಬ ಬಗ್ಗೆ ಇರುವ ವಾದಗಳಲ್ಲಿ ಒಂದು ನಮ್ಮಂಥ ಕಳ್ಳಿನ ಸೀಮೆಯವರಿಗೆ ರುಚಿಸುವಂಥದ್ದು. ಮನಿಲಾದಿಂದ ಪೆಸಿಫಿಕ್ ದಾಟಿ ಬರುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ಬಂದ ಫಿಲಿಪೀನ್ಸ್‌ನವರು ತೆಂಗಿನ ಕಳ್ಳು ಇಳಿಸುವುದನ್ನೂ ಅದನ್ನು ಭಟ್ಟಿ ಇಳಿಸುವುದನ್ನೂ ಪಶ್ಚಿಮ ಕರಾವಳಿಯ ಜನರಿಗೆ ಕಲಿಸಿದರು, ಅದೇ ಬಗೆಯ ಭಟ್ಟಿ ಮುಂದೆ ಅಗಾವೆಗೂ ಬಳಕೆಯಾಯಿತು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಕೊಲಿಮಾ ರಾಜ್ಯದಲ್ಲಿ ಇಂದಿಗೂ ತೆಂಗಿನ ಕಳ್ಳನ್ನು 'ತೂಬಾ' ಎಂಬ ಫಿಲಿಪೀನ್ಸ್ ಹೆಸರಿನಿಂದಲೇ ಮಾರುತ್ತಾರೆ.

ಇನ್ನು ದೇಶದ ಗುರುತಾದ ಬಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೆಕ್ಸಿಕೊದ ಸಿರಿವಂತರ ಮನೆಗಳಲ್ಲಿ ಮರ್ಯಾದೆ ಇದ್ದದ್ದು ಫ್ರೆಂಚ್ ಬ್ರಾಂದಿಯಾದ ಕೊನ್ಯಾಕ್‌ಗೆ. ಅಗಾವೆಯ ಪಾನೀಯಗಳು ಬಡವರವೆಂದು ಅವರು ಮೂಗು ಮುರಿಯುತ್ತಿದ್ದರು. 1910ರಲ್ಲಿ ಆರಂಭವಾದ ಕ್ರಾಂತಿಯ ನಂತರ, ನಮ್ಮದು ಎನ್ನಬಹುದಾದ ವಸ್ತುಗಳನ್ನು ಹುಡುಕುವ ಹಂಬಲ ಆ ದೇಶದಲ್ಲಿ ಬೆಳೆಯಿತು. ಹಂಬಲಕ್ಕೆ ರೂಪ ಕೊಟ್ಟದ್ದು ಸಿನಿಮಾ. 1936ರ ಸುಮಾರಿಗೆ ಆರಂಭವಾಗಿ 1950ರ ದಶಕದವರೆಗೆ ನಡೆದ ಮೆಕ್ಸಿಕನ್ ಸಿನಿಮಾದ ಸುವರ್ಣಯುಗದಲ್ಲಿ ಹೋರ್ಹೆ ನೆಗ್ರೆತೆ, ಪೆದ್ರೊ ಇನ್‌ಫಾಂತೆಯವರಂಥ ನಟಗಾಯಕರು ಚಾರ್ರೊ ಎಂಬ ಕುದುರೆ ಸವಾರನ ಉಡುಪಿನಲ್ಲಿ, ಮಾರಿಯಾಚಿ ಎಂಬ ವಾದ್ಯಮೇಳದ ಮುಂದೆ ನಿಂತು, ಕೈಯಲ್ಲಿ ಲೋಟ ಹಿಡಿದು ಪ್ರೇಮಭಂಗದ ಹಾಡು ಹಾಡಿದರು. ಕುದುರೆ ಸವಾರ, ಮಾರಿಯಾಚಿ ಮತ್ತು ಟೆಕಿಲಾ ಮೂರೂ ಹಲಿಸ್ಕೊ ಸೀಮೆಯ ಜೊತೆ ಗಂಟುಬಿದ್ದವು. ಪರದೆಯ ಮೇಲೆ ಅವು ಇಡೀ ಮೆಕ್ಸಿಕೊದವಾದವು. ಆ ಚಿತ್ರಗಳು ಗಡಿಯಾಚೆ ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೊಗಳ ಸ್ಪ್ಯಾನಿಷ್ ಚಿತ್ರಮಂದಿರಗಳಲ್ಲಿಯೂ ಓಡಿದ್ದರಿಂದ, ವಲಸೆ ಹೋದವರ ಮಕ್ಕಳು ತಾವು ಎಂದೂ ನೋಡದ ಹಲಿಸ್ಕೊವನ್ನು ತಮ್ಮ ಊರೆಂದು ನೆನೆಯಲು ಕಲಿತರು.

ಸರ್ಕಾರದ ಮುದ್ರೆ ಬಿದ್ದದ್ದು ಆಮೇಲೆ. 1974ರಲ್ಲಿ ಮೆಕ್ಸಿಕೊ ಈ ಹೆಸರಿಗೆ ಮೂಲಸ್ಥಾನದ ರಕ್ಷಣೆ ನೀಡಿತು. ಹಲಿಸ್ಕೊ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಊರುಗಳ ಹೊರಗೆ ತಯಾರಾದದ್ದಕ್ಕೆ ಆ ಹೆಸರಿಲ್ಲ. 2006ರಲ್ಲಿ ಅಲ್ಲಿನ ಅಗಾವೆ ಬಯಲು ಮತ್ತು ಹಳೆಯ ಭಟ್ಟಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಉಪ್ಪು ನಿಂಬೆಯ ವಿಷಯ: ಮೆಕ್ಸಿಕೊದಲ್ಲಿ ಹಾಗೆ ಕುಡಿಯುವವರು ಇಲ್ಲವೇ ಇಲ್ಲವೆಂದಲ್ಲ, ಆದರೆ ಒಳ್ಳೆಯ ಟೆಕಿಲಾವನ್ನು ಅಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಾರೆ. ಪಕ್ಕದಲ್ಲಿ ಹುಳಿ ಮತ್ತು ಖಾರ ಬೆರೆತ ಕೆಂಪು ಬಣ್ಣದ 'ಸಾಂಗ್ರೀತಾ' ಎಂಬ ಪಾನಕವನ್ನು ಇಟ್ಟುಕೊಳ್ಳುವುದುಂಟು. ನಿಯಮದ ಪ್ರಕಾರ ಹುಳಿಯುವ ಸಕ್ಕರೆಯಲ್ಲಿ ಶೇಕಡಾ 51ರಷ್ಟು ಅಗಾವೆಯದಾಗಿದ್ದರೆ ಸಾಕು, ಉಳಿದದ್ದು ಕಬ್ಬಿನದಾದರೂ ಟೆಕಿಲಾ ಎನ್ನಬಹುದು. ಅಂಥ ಒರಟು ಮಾಲಿನ ಘಾಟನ್ನು ಮರೆಸಲು ಉಪ್ಪು, ನಿಂಬೆ ಅನುಕೂಲ. ನಿಮ್ಮ ಅತಿಥಿಗಳ ಮುಖ ಹಿಂಡುವಿಕೆಗೆ ಕಾರಣ ಸಂಪ್ರದಾಯಕ್ಕಿಂತ ಬಾಟಲಿಯೇ ಇರಬೇಕು.

ಉತ್ತರ: ಬೈನೆಮರ

ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ. ಹಲಿಸ್ಕೊ ಇಡೀ ಮೆಕ್ಸಿಕೊ ಆದಾಗ ಉಳಿದ ಮೆಕ್ಸಿಕೊ ಹಿಂದೆ ಸರಿಯಿತೆಂಬುದನ್ನೂ ಹೇಳಬೇಕಿತ್ತು. ಸ್ಪೇನಿನವರು ಬರುವುದಕ್ಕೆ ಬಹಳ ಮೊದಲಿನಿಂದಲೂ ಮಧ್ಯ ಮೆಕ್ಸಿಕೊದ ಜನ ಕುಡಿಯುತ್ತಿದ್ದದ್ದು ಪುಲ್ಕೆ. ಅದು ಅಗಾವೆಯ ಹೃದಯಭಾಗವನ್ನು ಕೆರೆದು, ಅಲ್ಲಿ ಒಸರುವ ರಸವನ್ನು ಸಂಗ್ರಹಿಸಿ ಹುಳಿಯಿಸಿದ ಬಿಳಿಯ ಪಾನೀಯ. ನಮ್ಮ ಬೈನೆ ಕಳ್ಳಿನ ಹತ್ತಿರದ್ದು. ಅಲ್ಲಿನ ಮೂಲನಿವಾಸಿಗಳಾದ ಅಸ್ತೆಕರಿಗೆ ಈ ಗಿಡದ ದೇವತೆ ಮಾಯಾವೆಲ್. ಅವಳ ಮಕ್ಕಳು ನಾನೂರು ಮೊಲಗಳು, ಅಂದರೆ ಅಮಲಿನ ನಾನೂರು ಬಗೆಗಳು. (ಹುತ್ತರಿಯ ರಾತ್ರಿ ನಮ್ಮ ದೊಡ್ಡಪ್ಪಂದಿರನ್ನು ನೋಡಿದವರಿಗೆ ಆ ಸಂಖ್ಯೆ ಹೆಚ್ಚೆನಿಸದು.) ಓಹಾಕಾ ರಾಜ್ಯದವರಿಗೆ ಇಂದಿಗೂ ತಮ್ಮದೆಂದರೆ ಮೆಸ್ಕಾಲ್, ಅಗಾವೆಯಿಂದ ಬಟ್ಟಿ ಇಳಿಸಿದ್ದಕ್ಕೆಲ್ಲ ಇದ್ದ ಹಳೆಯ ಹೆಸರು ಅದು, ಟೆಕಿಲಾ ಅದರದೇ ಒಂದು ಬಗೆ. ಬಾಟಲಿಯೊಳಗೆ ಹುಳು ಇರುವುದೂ ಕೆಲವು ಮೆಸ್ಕಾಲ್‌ಗಳಲ್ಲಿ ಮಾತ್ರ.

ಉತ್ತರ: ಡಲ್ಲಾಸ್‌ನಿಂದ ಮರಳಿದವ, ಸೋಮವಾರಪೇಟೆ

ನಾನು ಹನ್ನೊಂದು ವರ್ಷ ಟೆಕ್ಸಸ್‌ನಲ್ಲಿದ್ದು ಬಂದವನಾದ್ದರಿಂದ ಪ್ರಶ್ನೆಯ ಎರಡನೆಯ ಭಾಗಕ್ಕೆ, ಅಂದರೆ ಹೆಮ್ಮೆ ಮತ್ತು ಮುಜುಗರದ ಭಾಗಕ್ಕೆ ಉತ್ತರಿಸುತ್ತೇನೆ.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ, ರಿಯೊ ಗ್ರಾಂದೆ ನದಿಯನ್ನು ರಾತ್ರಿ ದಾಟಿ, ಕುದುರೆ ಮತ್ತು ಕತ್ತೆಗಳ ಮೇಲೆ ಟೆಕಿಲಾ ಹೇರಿಕೊಂಡು ದಕ್ಷಿಣ ಟೆಕ್ಸಸ್‌ಗೆ ಸಾಗಿಸುತ್ತಿದ್ದವರನ್ನು 'ತೆಕಿಲೆರೊ' ಎನ್ನುತ್ತಿದ್ದರು. ಟೆಕ್ಸಸ್ ರೇಂಜರ್ ಪೊಲೀಸರ ಗುಂಡಿಗೆ ಅವರಲ್ಲಿ ಕೆಲವರು ಬಲಿಯಾದರು. ಅವರ ಮೇಲೆ ಗಡಿಭಾಗದ ಮೆಕ್ಸಿಕನ್ ಜನ ಕಟ್ಟಿದ ಕೊರಿದೊ ಎಂಬ ಲಾವಣಿಗಳಲ್ಲಿ ಸತ್ತ ಸಾಗಣೆದಾರ ವೀರ, ರೇಂಜರ್ ಹೇಡಿ. ಕಾನೂನಿನ ಕಡತದಲ್ಲಿ ಕಳ್ಳನಾದವನು ಮನೆಯ ಹಾಡಿನಲ್ಲಿ ಬೇರೆಯವನೇ ಆಗಿದ್ದ. ಅಲ್ಲಿನ ಹಳೆಯ ತಲೆಮಾರಿನವರಿಗೆ ಟೆಕಿಲಾ ಎಂದರೆ ಆ ನದಿ ಮತ್ತು ಆ ಬಂದೂಕಿನ ನೆನಪೂ ಹೌದು.

ಇದಕ್ಕೆ ವ್ಯತಿರಿಕ್ತವಾಗಿ, ನಿಮ್ಮ ಮಗಳ ಕಚೇರಿಯಲ್ಲಿ ಕೇಳಿದ ಆ ಕೂಗು 1958ರ ಒಂದು ವಾದ್ಯಗೀತೆಯದು. 'ಟೆಕಿಲಾ' ಎಂಬ ಒಂದೇ ಪದವನ್ನು ಮೂರು ಬಾರಿ ಉಚ್ಚರಿಸುವ ಆ ಗೀತೆ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ದಿ ಚಾಂಪ್ಸ್ ಎಂಬ ತಂಡದ ಈ ಹಾಡನ್ನು ರಚಿಸಿ, ಸ್ಯಾಕ್ಸೊಫೋನ್ ನುಡಿಸಿ, ಆ ಗಡಸು ದನಿಯಲ್ಲಿ ಪದ ಹೇಳಿದವರು ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಅಮೆರಿಕನ್ ಸಂಗೀತಗಾರ ಡ್ಯಾನಿ ಫ್ಲೋರೆಸ್. ಬೇರೊಂದು ಕಂಪನಿಯ ಒಪ್ಪಂದದಲ್ಲಿದ್ದ ಕಾರಣ ಅವರ ಹೆಸರು ಚಕ್ ರಿಯೊ ಎಂದು ಅಚ್ಚಾಯಿತು. ಹೀಗಾಗಿ ಮೆಕ್ಸಿಕನ್ನರನ್ನು ಗೇಲಿ ಮಾಡಲು ಬಳಕೆಯಾಗುವ ಕೂಗು ಅವರದೇ ಮನೆಯ ಮಗನ ದನಿ, ಆದರೆ ಹೆಸರು ಮಾತ್ರ ಅವನದಲ್ಲ.

ಮಾರ್ಗರೀಟಾ ಕತೆಯೂ ಇದೇ ಜಾಡಿನದು. ಟೆಕಿಲಾ, ನಿಂಬೆ ಮತ್ತು ಕಿತ್ತಳೆಯ ಮದ್ಯ ಬೆರೆಸಿದ ಈ ಪಾನೀಯವನ್ನು ಮೊದಲು ಮಾಡಿದವರು ತಾವೇ ಎಂದು ಹೇಳಿಕೊಂಡವರ ಸಾಲು ಉದ್ದವಿದೆ, ಅದನ್ನು ಬಿಡೋಣ. ಆದರೆ ಅದನ್ನು ಅಮೆರಿಕದ ಪ್ರತಿ ಊರಿಗೂ ತಲುಪಿಸಿದ ಯಂತ್ರದ ಜನ್ಮ ಖಚಿತವಾಗಿ ಗೊತ್ತಿದೆ. 1971ರಲ್ಲಿ ಡಲ್ಲಾಸ್‌ನಲ್ಲಿ ಹೋಟೆಲು ತೆರೆದ ಮೆಕ್ಸಿಕನ್ ಅಮೆರಿಕನ್ ಯುವಕ ಮರಿಯಾನೊ ಮಾರ್ಟಿನೆಜ್ ಅವರಿಗೆ ತಮ್ಮ ತಂದೆಯ ಪಾಕದ ರುಚಿ ಗದ್ದಲದ ರಾತ್ರಿಗಳಲ್ಲಿ ಲೋಟದಿಂದ ಲೋಟಕ್ಕೆ ಬದಲಾಗುತ್ತಿತ್ತು. ಅಂಗಡಿಯೊಂದರಲ್ಲಿ ಮಕ್ಕಳಿಗೆ ಮಂಜಿನ ಶರಬತ್ತು ತಿರುವಿ ಕೊಡುವ ಯಂತ್ರವನ್ನು ಕಂಡು, ಮೆದು ಐಸ್‌ಕ್ರೀಮಿನ ಯಂತ್ರವೊಂದನ್ನು ಅವರು ಮಾರ್ಗರೀಟಾಕ್ಕೆ ಹೊಂದಿಸಿಕೊಂಡರು. ಪೇಟೆಂಟ್ ಮಾಡಿಸಲಿಲ್ಲ, ಆದ್ದರಿಂದ ಎಲ್ಲರೂ ನಕಲು ಮಾಡಿದರು. ಆ ಮೊದಲ ಯಂತ್ರ ಈಗ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ಸಂಗ್ರಹಾಲಯದಲ್ಲಿದೆ.

ಮುಜುಗರ ಹೆಚ್ಚಾಗುವುದು ಮೇ 5ರಂದು. 1862ರ ಆ ದಿನ ಪುಏಬ್ಲಾ ಪಟ್ಟಣದಲ್ಲಿ ಮೆಕ್ಸಿಕೊದ ಸೇನೆ ಫ್ರಾನ್ಸಿನ ಸೇನೆಯನ್ನು ಸೋಲಿಸಿತು. ಕ್ಯಾಲಿಫೋರ್ನಿಯಾದ ಮೆಕ್ಸಿಕನ್ನರು ಅಂದಿನಿಂದಲೇ ಆ ದಿನವನ್ನು ಆಚರಿಸುತ್ತಿದ್ದರು, 1960ರ ದಶಕದ ಚಿಕಾನೊ (ಮೆಕ್ಸಿಕನ್ ಮೂಲದ ಅಮೆರಿಕನ್ನರ) ಚಳವಳಿ ಅದನ್ನು ಸ್ವಾಭಿಮಾನದ ದಿನವನ್ನಾಗಿ ಎತ್ತಿಹಿಡಿಯಿತು. 1980ರ ದಶಕದಲ್ಲಿ ಬಿಯರ್ ಮತ್ತು ಮದ್ಯದ ಕಂಪನಿಗಳು ಅದನ್ನು ಕೊಂಡುಕೊಂಡವು ಎಂದೇ ನಾನು ಹೇಳುತ್ತೇನೆ. ಈಗ ಅನೇಕರಿಗೆ ಅದು ಮೆಕ್ಸಿಕೊದ ಸ್ವಾತಂತ್ರ್ಯ ದಿನವೆಂಬ ತಪ್ಪು ನಂಬಿಕೆ (ಅದು ಸೆಪ್ಟೆಂಬರ್ 16), ಜೊತೆಗೆ ಹುಲ್ಲಿನ ಟೋಪಿ, ಅಂಟಿಸಿದ ಮೀಸೆ, ಅಗ್ಗದ ಟೆಕಿಲಾ. ನಮ್ಮ ಕೊಡವ ಉಡುಪಿನ ಕುಪ್ಪಚೇಲೆ, ಪೀಚೆಕತ್ತಿಗಳನ್ನು ಬಾಡಿಗೆಗೆ ತಂದು ಯಾರೋ ಕಚೇರಿಯ ವಾರ್ಷಿಕೋತ್ಸವದಲ್ಲಿ ಕುಡಿದು ಕುಣಿದರೆ ನಮಗೆ ಹೇಗನ್ನಿಸುತ್ತದೆಯೋ ಹಾಗೆ.

ನೀವು ಮೀದಿಯ ಮಾತೆತ್ತಿದ್ದೀರಿ. ನವೆಂಬರ್ 1 ಮತ್ತು 2ರಂದು ಮೆಕ್ಸಿಕನ್ನರು ಸತ್ತವರ ದಿನವನ್ನು ಆಚರಿಸುತ್ತಾರೆ. ಮನೆಯಲ್ಲಿ 'ಓಫ್ರೆಂದಾ' ಎಂಬ ಪೀಠ ಕಟ್ಟಿ, ತೀರಿಹೋದವರ ಚಿತ್ರ, ಅವರಿಗೆ ಇಷ್ಟವಾದ ಊಟ, ಚೆಂಡುಹೂ ಮತ್ತು ಅವರು ಕುಡಿಯುತ್ತಿದ್ದವರಾದರೆ ಒಂದು ಚಿಕ್ಕ ಲೋಟ ಟೆಕಿಲಾ ಅಥವಾ ಮೆಸ್ಕಾಲ್ ಇಡುತ್ತಾರೆ. 1970ರ ದಶಕದ ಆರಂಭದಿಂದ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಚಿಕಾನೊ ಕಲಾವಿದರು ಇದನ್ನು ಬೀದಿಗೂ ಕಲಾಶಾಲೆಗಳಿಗೂ ತಂದರು. ನಾನು ಬಾಡಿಗೆಗಿದ್ದ ಮನೆಯ ಯಜಮಾನತಿ ತನ್ನ ಗಂಡನ ಚಿತ್ರದ ಮುಂದೆ ಲೋಟ ಇಡುವಾಗ, ಪಕ್ಕದಲ್ಲಿ ಉಪ್ಪಿನ ಬಟ್ಟಲೂ ಇತ್ತು. ಕುಡಿಯಲೆಂದು ಇಟ್ಟಿರಬೇಕೆಂದು ನಾನು ಭಾವಿಸಿದೆ. ಅದು ಆತ್ಮದ ಶುದ್ಧಿಗೆ ಇಡುವ ಉಪ್ಪೆಂದು ಆಕೆ ತಿದ್ದಿದರು.

ಉತ್ತರ: ಸಿದ್ದಾಪುರದ ತೋಟದವನು

ಬೆಳೆಗಾರನಾಗಿ ಒಂದೇ ಮಾತು ಸೇರಿಸುತ್ತೇನೆ. ನಮ್ಮ ಕೊಡಗು ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕ ಬಂದಾಗ ಬೆಲೆಯ ಚಿಂತೆ ತೀರಿತೆಂದು ಕೆಲವರು ಭಾವಿಸಿದ್ದರು. ಟೆಕಿಲಾಕ್ಕೆ ಆ ಬಗೆಯ ರಕ್ಷಣೆ ದೊರೆತು ಅರ್ಧ ಶತಮಾನ ಕಳೆದರೂ ಅಗಾವೆ ಬೆಳೆಯುವವನ ಪಾಡು ನಮ್ಮ ಕರಿಮೆಣಸಿನ ಪಾಡೇ. ಬೆಲೆ ಏರಿದಾಗ ಎಲ್ಲರೂ ನೆಡುತ್ತಾರೆ, ಆರೇಳು ವರ್ಷದ ನಂತರ ಎಲ್ಲರ ಗಿಡವೂ ಒಟ್ಟಿಗೆ ಬಲಿತು ಬೆಲೆ ನೆಲ ಕಚ್ಚುತ್ತದೆ. ಮೇಲಾಗಿ, ಹೂ ಬಿಟ್ಟರೆ ಗಡ್ಡೆಯ ಸಕ್ಕರೆ ಖರ್ಚಾಗುವುದರಿಂದ ಹೂಗೊನೆಯನ್ನು ಮೊದಲೇ ಕಡಿದುಬಿಡುತ್ತಾರೆ, ಬುಡದ ಮರಿಗಳನ್ನೇ ಕಿತ್ತು ನೆಡುತ್ತಾರೆ. ಹೀಗಾಗಿ ಇಡೀ ಬಯಲು ಒಂದೇ ಗಿಡದ ನಕಲು. 1990ರ ದಶಕದಲ್ಲಿ ರೋಗ ಬಿದ್ದಾಗ ಅದು ಸುಲಭವಾಗಿ ಹರಡಿತು. ಅಗಾವೆಯ ಹೂವನ್ನು ಪರಾಗಸ್ಪರ್ಶ ಮಾಡುವ ಬಾವಲಿಗಳಿಗೂ ಆಹಾರ ತಪ್ಪಿತು. ಈಗ ಕೆಲವು ಬೆಳೆಗಾರರು ಒಂದಿಷ್ಟು ಗಿಡಗಳನ್ನು ಬಾವಲಿಗಳಿಗೆಂದೇ ಹೂ ಬಿಡಲು ಬಿಡುತ್ತಿದ್ದಾರೆ. ಹಾಲಿವುಡ್ ನಟ ಜಾರ್ಜ್ ಕ್ಲೂನಿ ಮತ್ತು ಗೆಳೆಯರು ಕಟ್ಟಿದ ಟೆಕಿಲಾ ಬ್ರ್ಯಾಂಡನ್ನು 2017ರಲ್ಲಿ 100 ಕೋಟಿ ಡಾಲರ್‌ವರೆಗಿನ ಬೆಲೆಗೆ ಮಾರುವ ಒಪ್ಪಂದವಾಯಿತು. ಅದರಲ್ಲಿ ಕೋವಾ ಹಿಡಿದವನ ಪಾಲೆಷ್ಟು ಎಂಬುದನ್ನು ನಮ್ಮ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಕೇಳಿದರೂ ಉತ್ತರ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರ ಮಾತಿನಂತೆ ಅತಿಥಿಗಳು ಬಿಟ್ಟುಹೋದ ಬಾಟಲಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಶೇಕಡಾ 100 ಅಗಾವೆ ಎಂದು ಎಲ್ಲಿಯೂ ಬರೆದಿಲ್ಲ. ಮಗಳು ತಂದ ಬಾಟಲಿಯಲ್ಲಿ ಬರೆದಿದೆ, ಅದಕ್ಕೆ ಉಪ್ಪಿನ ಅಗತ್ಯ ಬೀಳಲಿಲ್ಲ. ಕಾಯಿಸಿದ ಗೆಣಸಿನಂಥ ಒಂದು ಸಿಹಿ ವಾಸನೆಯಿತ್ತು.

ಅದರಲ್ಲಿ ಒಂದು ಲೋಟವನ್ನು ಈ ಬಾರಿ ಕೈಮಡದಲ್ಲಿ (ಪೂರ್ವಜರ ಗುಡಿಯಲ್ಲಿ) ಇಡಬಹುದೇ ಎಂದು ಮಗಳು ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯ ಹಿರಿಯರನ್ನು ಕೇಳಿದಳು. ಅವರು ಬಾಟಲಿಯನ್ನು ತಿರುಗಿಸಿ ನೋಡಿ, ಕಾರಣವರಿಗೆ (ಪೂರ್ವಜರಿಗೆ) ಅಭ್ಯಾಸವಿಲ್ಲ, ಬ್ರಾಂದಿಯೇ ಇರಲಿ ಎಂದರು. ಬಾಟಲಿ ಮಾತ್ರ ಅವರ ಕೋಣೆಯಲ್ಲಿಯೇ ಉಳಿಯಿತು.